ಬೆಟ್ಟ ತಿರುಗಿದ ವಾರ

ಫೆಬ್ರವರಿ 4, ಬುಧವಾರ

ಮೊಣಕಾಲಿನ ವೈದ್ಯರ ಅಪ್ಪಣೆಯಂತೆ ಇಂದಿನಿಂದ ದಿನಚರಿ ಆರಂಭ. "ಎಷ್ಟು ನೋವಿತ್ತು, ಆಗ ಹವೆ ಹೇಗಿತ್ತು, ಅಷ್ಟು ಬರೀರಿ ಸಾಕು. ಪುರಾಣ ಬೇಡ," ಎಂದಿದ್ದಾರೆ. ಪುರಾಣ ನನಗೂ ಬೇಡ. ನಾನು ಇಪ್ಪತ್ತೆರಡು ವರ್ಷಗಳಿಂದ ಪ್ರಯೋಗಾಲಯದಲ್ಲಿ ಕಲ್ಲುಗಳ ಅಯಸ್ಕಾಂತ ಗುಣ ಅಳೆಯುವ ಮನುಷ್ಯ. ಕಂಡದ್ದನ್ನು ಕಂಡಷ್ಟೇ ಬರೆಯುವುದು ನನ್ನ ಹೊಟ್ಟೆಪಾಡು.

ನೋವು: ಬಲ ಮೊಣಕಾಲು, ಹತ್ತಕ್ಕೆ ಆರು. ಹವೆ: ಬಿಸಿಲು. ಕಾರಣ: ಅಕ್ಕ.

ಭಾವ ತೀರಿಕೊಂಡ ಮೇಲೆ "ನಾಲ್ಕು ದಿನ ಇದ್ದು ಹೋಗ್ತೀನಿ ಕಣೋ ಪುಟ್ಟಾ" ಎಂದು ಬಂದವಳು. ಇವತ್ತಿಗೆ ಎಂಟು ತಿಂಗಳು. (ಪುಟ್ಟನಿಗೆ ಈಗ ಐವತ್ತಮೂರು.) ಅವಳ ಹಿಂದೆ ಹೊಲಿಗೆ ಯಂತ್ರ ಬಂತು, ಯಂತ್ರದ ಹಿಂದೆ ಬೀದಿಯವರೆಲ್ಲರ ಉದ್ದವಾದ ಪ್ಯಾಂಟುಗಳು ಬಂದವು. ಹದಿನೈದು ವರ್ಷದಿಂದ ಅಡುಗೆಮನೆ ಕಪಾಟಿನ ಕೆಳಗಿನ ಅರೆಯಲ್ಲಿ ನೆಮ್ಮದಿಯಾಗಿದ್ದ ಉಪ್ಪಿನ ಡಬ್ಬಿಗೆ ಮೇಲಿನ ಅರೆಗೆ ಬಡ್ತಿ ಸಿಕ್ಕಿತು. ಅದನ್ನು ಇಳಿಸಲೆಂದು ಸ್ಟೂಲು ಹತ್ತಿದೆ. ಡಬ್ಬಿ ಅಲ್ಲೇ ಉಳಿಯಿತು, ಇಳಿದದ್ದು ನಾನು.

ದಿನಾ ಬೆಳಿಗ್ಗೆ ಭಾವನ ಕೈಗಡಿಯಾರಕ್ಕೆ ಕೀಲಿ ಕೊಟ್ಟು, ರೇಡಿಯೊಗೆ ತಾಳೆ ನೋಡಿ, "ಒಂದು ಸೆಕೆಂಡೂ ಹಿಂದಿಲ್ಲ" ಎಂದು ನನಗೆ ವರದಿ ಒಪ್ಪಿಸುತ್ತಾಳೆ. ಭಾವ ಬಸ್ ನಿಲ್ದಾಣದಲ್ಲಿ ವೇಳೆ ನೋಡಿಕೊಳ್ಳುವ ಕೆಲಸದಲ್ಲಿದ್ದವರು. ನಮ್ಮ ಮನೆಯಿಂದ ಯಾವ ಬಸ್ಸೂ ಹೊರಡುವುದಿಲ್ಲ ಎಂದು ಹೇಳಬೇಕೆನಿಸುತ್ತದೆ. ಹೇಳಿಲ್ಲ.

ಅವಳು ಮಲಗುವುದು ನಡುಮನೆಯಲ್ಲಿ. ಹಿಂದಿನ ಕೋಣೆಯ ತುಂಬ ನನ್ನ ಹಳೆಯ ಕಲ್ಲಿನ ಪೆಟ್ಟಿಗೆಗಳಿವೆ. ನಾಲ್ಕು ದಿನಕ್ಕೋಸ್ಕರ ಅಷ್ಟನ್ನೂ ಯಾರು ಎತ್ತುತ್ತಾರೆ?

ಫೆಬ್ರವರಿ 9, ಸೋಮವಾರ

ಬೆಟ್ಟದ ಕೆಲಸ ಶುರು. ಜೊತೆಗೆ ಅರ್ಧಡಾಕ್ಟರಮ್ಮ. ಐದು ವರ್ಷದಿಂದ ಈ ಬೆಟ್ಟದ ಮೇಲೆ ಪ್ರಬಂಧ ಬರೆಯುತ್ತಿದ್ದಾಳೆ. ಮುಗಿದರೆ ಡಾಕ್ಟರು, ಅಲ್ಲಿಯತನಕ ಅರ್ಧ. ಮೇ ಹದಿನೈದರೊಳಗೆ ಒಪ್ಪಿಸಿದರೆ ಜೂನಿನಲ್ಲಿ ಒಂದು ಕಾಲೇಜಿನ ಕೆಲಸ ಕಾದಿದೆ. ತಪ್ಪಿದರೆ ಅದು ಇನ್ನೊಬ್ಬರ ಪಾಲು.

ಸಂಗತಿ ಸರಳ. ಲಕ್ಷಾಂತರ ವರ್ಷಗಳ ಹಿಂದೆ ಕೆಂಪು ಕೆಸರು ತಳಕ್ಕೆ ಇಳಿಯುವಾಗ ಅದರೊಳಗಿನ ಕಬ್ಬಿಣದ ಕಣಗಳು ಉತ್ತರಕ್ಕೆ ಮುಖ ಮಾಡಿ ಕುಳಿತವು. ಕೆಸರು ಕಲ್ಲಾಯಿತು, ಕಣಗಳು ಕೂತಲ್ಲೇ ಸಿಕ್ಕಿಬಿದ್ದವು. ಆಮೇಲೆ ಬೆಟ್ಟವೇ ತಿರುಗಿದರೆ ಅವೂ ತಿರುಗಬೇಕು, ಪಾಪ. ಅವು ಈಗ ಎತ್ತ ನೋಡುತ್ತಿವೆ ಎಂದು ಅಳೆದರೆ ನೆಲ ಎಷ್ಟು ತಿರುಗಿದೆ ಎಂಬುದು ಗೊತ್ತಾಗುತ್ತದೆ. ಇದಲ್ಲದೆ ಭೂಮಿ ಆಗಾಗ ತನ್ನ ಅಯಸ್ಕಾಂತದ ಉತ್ತರ ದಕ್ಷಿಣಗಳನ್ನೇ ಅದಲುಬದಲು ಮಾಡಿಕೊಂಡಿದೆ. ಯಾವ ಪದರ ನೆಟ್ಟಗಿದೆ, ಯಾವುದು ಉಲ್ಟಾ ಎಂದು ಸಾಲಾಗಿ ನೋಡಿ, ಜಗತ್ತಿನವರೆಲ್ಲ ಒಪ್ಪಿದ ಪಟ್ಟಿಗೆ ಹೊಂದಿಸಿದರೆ ಪದರದ ವಯಸ್ಸೂ ಸಿಗುತ್ತದೆ.

ರಸ್ತೆಗಾಗಿ ಕಡಿದ ಬೆಟ್ಟದ ಗೋಡೆ. ಜೀಪು ಮೇಲ್ಗಡೆ ಮಾತ್ರ ನಿಲ್ಲುವುದರಿಂದ ಮೇಲಿನ ಪದರದಿಂದ ಕೆಳಕ್ಕೆ ಇಳಿಯುತ್ತಿದ್ದೇವೆ. ಅವಳು ಮುಂದೆ ಮುಂದೆ ಹೆಬ್ಬೆರಳು ದಪ್ಪದ ರಂಧ್ರ ಕೊರೆಯುತ್ತ ಹೋಗುತ್ತಾಳೆ. ನಾನು ಹಿಂದಿನಿಂದ ಮೊಣಕಾಲೂರಿ, ರಂಧ್ರಕ್ಕೆ ಹಿತ್ತಾಳೆ ಕೊಳವೆ ತೂರಿಸಿ, ಅದರ ಮೇಲೆ ದಿಕ್ಸೂಚಿ ಇಟ್ಟು, ರಂಧ್ರದ ದಿಕ್ಕು ಬರೆದು, ಕಲ್ಲಿನ ಕಡ್ಡಿಗೆ ಗೆರೆ ಎಳೆದು ಮುರಿದು ತೆಗೆಯುತ್ತೇನೆ. ಹತ್ತಿರ ಕಬ್ಬಿಣ ಗಿಬ್ಬಿಣ ಇದ್ದರೆ ದಿಕ್ಸೂಚಿ ದಾರಿ ತಪ್ಪುತ್ತದೆ. ಆದ್ದರಿಂದ ಒಂದು ಹಿತ್ತಾಳೆ ಮೊಳೆಯ ನೆರಳು ನೋಡಿ, ಗಂಟೆ ನಿಮಿಷ ಬರೆದು, ಸೂರ್ಯನಿಂದಲೂ ದಿಕ್ಕನ್ನು ತಾಳೆ ನೋಡುವುದು ನಿಯಮ. 'ಸೂರ್ಯನನ್ನು ಕೇಳದೆ ದಿಕ್ಸೂಚಿಯನ್ನು ನಂಬಬೇಡಿ' ಎಂದು ಪ್ರಯೋಗಾಲಯದ ಗೋಡೆಗೆ ದಪ್ಪಕ್ಷರದಲ್ಲಿ ಬರೆದು ಅಂಟಿಸಿದವನು ನಾನೇ.

ನೋವು: ಏಳು. ಹವೆ: ಬಿಸಿಲು.

ಫೆಬ್ರವರಿ 14, ಶನಿವಾರ

ನಲವತ್ತು ರಂಧ್ರ ಮುಗಿಯಿತು. ನಲವತ್ತಕ್ಕೂ ಸೂರ್ಯನ ಸಾಕ್ಷಿ ಇದೆ. ನೋವು: ಎಂಟು. ಒಂದು ದಿನದ ಮಟ್ಟಿಗೆ ಮನೆಗೆ ಬಂದೆ. ಅಕ್ಕ ನನ್ನ ಕುಂಟು ನೋಡಿ ಏನೂ ಅನ್ನಲಿಲ್ಲ. ಇದು ಒಳ್ಳೆಯ ಲಕ್ಷಣವಲ್ಲ.

ಫೆಬ್ರವರಿ 15, ಭಾನುವಾರ

ಅಂದುಕೊಂಡ ಹಾಗೇ ಆಯಿತು. ಬೆಳಿಗ್ಗೆ ಏಳುವಷ್ಟರಲ್ಲಿ ಅಕ್ಕ ನನ್ನ ಮೊಣಕಾಲಿಗೆ ಒಂದು ಕಪ್ಪು ಬೆಲ್ಟು ಬಿಗಿಯುತ್ತಿದ್ದಳು.

"ಏನಿದು?"

"ಬೆಲ್ಟು. ಹತ್ತಿ, ರಬ್ಬರು. ಸುಮ್ನೆ ಕಟ್ಕೋ."

"ಒಳಗೆ ಗುಂಡಿ ಗುಂಡಿ ಏನೋ ಒತ್ತುತ್ತಲ್ಲ?"

"ಒತ್ತಲಿ ಅಂತಾನೇ ಹಾಕಿರೋದು. ಕಲ್ಲನ್ನ ಕೇಳೋ ಹಾಗೆ ನನ್ನನ್ನ ಪ್ರಶ್ನೆ ಕೇಳ್ಬೇಡ."

ಡಬ್ಬದ ಮೇಲಿನ ಚೀಟಿ ಹರಿದಿತ್ತು. ಹೋದ ತಿಂಗಳು ಅವಳು ಅಯಸ್ಕಾಂತದ ಬಳೆ ಮಾರುವವನೊಬ್ಬನನ್ನು ಒಳಗೆ ಕರೆದಿದ್ದಳು. ನಾನು ಅವನಿಗೆ ಒಂದು ಗಂಟೆ ವಿಜ್ಞಾನ ಹೇಳಿ, ಬೀದಿಯ ತುದಿಯವರೆಗೂ ಹೇಳುತ್ತಲೇ ಹೋಗಿ ಬಿಟ್ಟುಬಂದೆ. ಅಂಥದ್ದಕ್ಕೆ ಹೋಲಿಸಿದರೆ ಹತ್ತಿ ರಬ್ಬರು ಎಷ್ಟೋ ವಾಸಿ.

ಫೆಬ್ರವರಿ 18, ಬುಧವಾರ

ಬೆಲ್ಟು ಪರವಾಗಿಲ್ಲ. ನೋವು: ಐದು. ಹವೆ: ತಲೆ ಒಡೆಯುವ ಬಿಸಿಲು, ಮೂರು ದಿನದಿಂದ.

ಆದರೆ ನೆರಳು ನೋಡಲು ಮೊಣಕಾಲೂರಿದಲ್ಲೇ ಇನ್ನೂ ಮೂರು ನಿಮಿಷ ಅಲುಗಾಡದೆ ಕೂರಬೇಕು. ಅದು ಬೆಲ್ಟಿನಿಂದಾಗುವ ಮಾತಲ್ಲ. ಅಳತೆ ಪುಸ್ತಕದ ಸೂರ್ಯನ ಕಾಲಂನಲ್ಲಿ ಮೂರು ದಿನವೂ 'ಮೋಡ' ಎಂದು ಬರೆದೆ. ಬೆಟ್ಟದ ಹಿಂದೆ ಒಂದು ಮೋಡ ಇದ್ದದ್ದು ನಿಜ.

ಫೆಬ್ರವರಿ 20, ಶುಕ್ರವಾರ

ಎಂಬತ್ತಾರಕ್ಕೆ ಮುಕ್ತಾಯ. ನೋವು: ನಾಲ್ಕು. ಹವೆ: ಬಿಸಿಲು. (ಪುಸ್ತಕದಲ್ಲಿ: ಮೋಡ.)

ಮಾರ್ಚ್ 12, ಗುರುವಾರ

ಕಲ್ಲು ಬಿಸಿ ಮಾಡುವ ಕೆಲಸ. ನೂರು ಡಿಗ್ರಿ, ಇನ್ನೂರು, ಮುನ್ನೂರು. ಪ್ರತಿ ಸಲ ತಣಿಸಿ ಅಳೆಯಬೇಕು. ಇತ್ತೀಚೆಗೆ ಅಂಟಿಕೊಂಡ ಅಯಸ್ಕಾಂತ ಗುಣ ಮೊದಲ ಬಿಸಿಗೇ ಬಿಟ್ಟುಹೋಗುತ್ತದೆ. ಹಳೆಯದು ಮಾತ್ರ ಕೊನೆಯವರೆಗೂ ಹಟ ಹಿಡಿದು ನಿಲ್ಲುತ್ತದೆ. ಅಳತೆಯ ಕೋಣೆಗೆ ಬೀಗದ ಕೈ, ಪೆನ್ನು, ಫೋನು ಏನನ್ನೂ ಒಯ್ಯುವಂತಿಲ್ಲ. ಇವತ್ತು ಮೇಷ್ಟ್ರು, ಅಂದರೆ ನಮ್ಮ ಮುಖ್ಯಸ್ಥರು, ತಂತಿ ಚೌಕಟ್ಟಿನ ಕನ್ನಡಕ ಹಾಕಿಕೊಂಡೇ ನುಗ್ಗಿದರು. ಹೊರಗೆ ಕಳಿಸಿದೆ. ಈ ವಿಷಯದಲ್ಲಿ ನಾನು ಯಾರ ಮುಖವನ್ನೂ ನೋಡುವವನಲ್ಲ.

ಕುರ್ಚಿಯ ಕೆಲಸವಾದ್ದರಿಂದ ಬೆಲ್ಟು ಮನೆಯಲ್ಲೇ ಇದೆ. ನೋವು: ಎರಡು.

ಮಾರ್ಚ್ 27, ಶುಕ್ರವಾರ

ಬೆಟ್ಟ ತಿರುಗಿದೆ!

ಮೇಲಿನ ನಲವತ್ತು ಕಲ್ಲುಗಳ ಕಣಗಳು ನೆಟ್ಟಗೆ ಉತ್ತರಕ್ಕೆ. ಕೆಳಗಿನ ನಲವತ್ತಾರೂ ಒಂದೇ ಸಮ ಇಪ್ಪತ್ತು ಡಿಗ್ರಿ ಪಕ್ಕಕ್ಕೆ. ಕೆಳಗಿನ ಪದರ ಕೂತಾದ ಮೇಲೆ, ಮೇಲಿನದು ಕೂರುವ ಮುಂಚೆ, ಇಡೀ ಬೆಟ್ಟ ಮೈ ತಿರುಗಿಸಿದೆ ಎಂದರ್ಥ. ಮೇಷ್ಟ್ರು ಕುರ್ಚಿಯಿಂದ ಎದ್ದು ತಾವೇ ಇಪ್ಪತ್ತು ಡಿಗ್ರಿ ತಿರುಗಿ ತೋರಿಸಿದರು.

"ಇಷ್ಟು ಸ್ವಚ್ಛವಾದ ಗಡಿ ನಾನು ಜನ್ಮದಲ್ಲಿ ನೋಡಿಲ್ಲ ಕಣ್ರೀ! ಚಾಕು ಹಾಕಿ ಕೊಯ್ದ ಹಾಗಿದೆ!"

ಅರ್ಧಡಾಕ್ಟರಮ್ಮನಿಗೆ ಐದನೇ ಅಧ್ಯಾಯ ಸಿಕ್ಕಿತು. "ಸರ್, ನಿಮ್ಮ ಅಳತೆ ಇಲ್ದಿದ್ರೆ ಇದು ಆಗ್ತಿರ್ಲಿಲ್ಲ," ಎಂದಳು. ನಾನು ವಿನಯದಿಂದ ಒಪ್ಪಿಕೊಂಡೆ.

ಏಪ್ರಿಲ್ 11, ಶನಿವಾರ

ಹಿಂದಿನ ಕೋಣೆಯಿಂದ ಎರಡು ಪೆಟ್ಟಿಗೆ ತೆಗೆದು ಪ್ರಯೋಗಾಲಯಕ್ಕೆ ಸಾಗಿಸಿದೆ. ಧೂಳು ಜಾಸ್ತಿಯಾಗಿತ್ತು, ಅಷ್ಟೇ. ಅಕ್ಕ ನಡುಮನೆಯಲ್ಲಿ ಕೆಮ್ಮುತ್ತಿದ್ದಾಳೆ.

ಏಪ್ರಿಲ್ 25, ಶನಿವಾರ

ಸಂಜೆ ಮನೆಗೆ ಬಂದಾಗ ಅಕ್ಕ ನೆಲದ ಮೇಲೆ ನನ್ನ ಬೆಲ್ಟನ್ನು ಎಳೆಯುತ್ತ ಓಡಾಡುತ್ತಿದ್ದಳು.

"ಏನು ಮಾಡ್ತಿದ್ದೀಯ?"

"ಸೂಜಿ ಡಬ್ಬಿ ಚೆಲ್ಲೋಯ್ತು ಕಣೋ. ಕಾಲಿಗೆ ಚುಚ್ಚೀತು ಅಂತ..."

ಬೆಲ್ಟನ್ನು ತಿರುಗಿಸಿ ತೋರಿಸಿದಳು. ಹನ್ನೆರಡು ಸೂಜಿ, ನಾಲ್ಕು ಗುಂಡುಪಿನ್ನು, ಒಂದು ಕೊಕ್ಕೆ. ಎಲ್ಲವೂ ಗುಂಡಿಗಳಿಗೆ ಮುಳ್ಳಿನಂತೆ ಕಚ್ಚಿಕೊಂಡು ನಿಂತಿದ್ದವು.

ಮುಂದೆ ಬರೆಯಲು ಆಗುತ್ತಿಲ್ಲ.

ಏಪ್ರಿಲ್ 26, ಭಾನುವಾರ

ಈ ದಿನಚರಿಯನ್ನು ಮೊದಲಿನಿಂದ ಓದಿದೆ. ನಲವತ್ತನೇ ರಂಧ್ರ: ಫೆಬ್ರವರಿ ಹದಿನಾಲ್ಕು. ಬೆಲ್ಟು: ಹದಿನೈದು. ನಲವತ್ತೊಂದು: ಹದಿನಾರು. ಜನ್ಮದಲ್ಲಿ ಕಾಣದಷ್ಟು ಸ್ವಚ್ಛವಾದ ಆ ಗಡಿ ಇರುವುದು ನಲವತ್ತಕ್ಕೂ ನಲವತ್ತೊಂದಕ್ಕೂ ನಡುವೆ.

ಅಕ್ಕನನ್ನು ಕೇಳಿದೆ. "ಅಯಸ್ಕಾಂತ ಅಂದ್ರೆ ನೀನು ನಗ್ತೀಯಲ್ಲ, ಅದಕ್ಕೇ ಚೀಟಿ ಹರಿದೆ. ನೋವು ಕಮ್ಮಿ ಆಯ್ತೋ ಇಲ್ವೋ?" ಎಂದಳು.

ಆಗ ನಾನು ಆಡಿದ್ದನ್ನು ಇಲ್ಲಿ ಬರೆಯುವುದಿಲ್ಲ. ವೈದ್ಯರೂ ಕೇಳಿಲ್ಲ. ಕೊನೆಯದು ಮಾತ್ರ: "ನಾಲ್ಕು ದಿನ ಅಂತ ಬಂದವಳು ನಾಲ್ಕೇ ದಿನಕ್ಕೆ ಹೋಗಿದ್ದರೆ ಇದ್ಯಾವುದೂ ಆಗ್ತಿರಲಿಲ್ಲ."

ಏಪ್ರಿಲ್ 27, ಸೋಮವಾರ

ಮೇಷ್ಟ್ರಿಗೆ ಇವತ್ತು ಹೇಳಲಿಲ್ಲ. ಅವರು ಗಡಿಬಿಡಿಯಲ್ಲಿದ್ದರು.

ಏಪ್ರಿಲ್ 28, ಮಂಗಳವಾರ

ಹೇಳಲಿಲ್ಲ. ಅವರು ಬಿಡುವಾಗಿದ್ದರು. ನಾನು ಬೀರು ಸ್ವಚ್ಛ ಮಾಡಿದೆ.

ಏಪ್ರಿಲ್ 29, ಬುಧವಾರ

ಅರ್ಧಡಾಕ್ಟರಮ್ಮ ಐದನೇ ಅಧ್ಯಾಯ ಓದಿ ತೋರಿಸಿದಳು. ಇಪ್ಪತ್ತೆಂಟು ಪುಟ. ಚೆನ್ನಾಗಿದೆ. ಇನ್ನೊಂದು ಬೀರು ಸ್ವಚ್ಛ ಮಾಡಿದೆ.

ಏಪ್ರಿಲ್ 30, ಗುರುವಾರ

ಮನೆಗೆ ಬಂದರೆ ಅಕ್ಕ ಇಲ್ಲ. ಗಡಿಯಾರವೂ ಇಲ್ಲ. ಮೇಜಿನ ಮೇಲೆ ಚೀಟಿ: 'ನಾದಿನಿ ಮನೆಗೆ ಹೋಗ್ತಿದ್ದೀನಿ. ಉಪ್ಪು ಕೆಳಗಿನ ಅರೆಯಲ್ಲಿ ಇಟ್ಟಿದ್ದೀನಿ.'

ಮೇ 2, ಶನಿವಾರ

ಮನೆ ಪ್ರಶಾಂತವಾಗಿದೆ. ಹನ್ನೊಂದು ತಿಂಗಳಿಂದ ಬೇಡಿಕೊಂಡದ್ದು. ಬೆಳಿಗ್ಗೆ ರೇಡಿಯೊ ಗಂಟೆ ಹೇಳಿತು. ಅದು ಸರಿಯೋ ತಪ್ಪೋ ಹೇಳುವವರಿರಲಿಲ್ಲ.

ಬೆಲ್ಟು ಕಟ್ಟಿ, ಬೆಟ್ಟದ ಗೋಡೆಯ ಮುಂದೆ ಕೂತಿದ್ದ ದಿಕ್ಕಿಗೇ ಮುಖ ಮಾಡಿ, ಹಜಾರದಲ್ಲಿ ಮೊಣಕಾಲೂರಿ, ಮುಂದೆ ದಿಕ್ಸೂಚಿ ಇಟ್ಟೆ. ಬೆಲ್ಟು ಬಿಚ್ಚಿ ಮತ್ತೆ ನೋಡಿದೆ. ವ್ಯತ್ಯಾಸ ಇಪ್ಪತ್ತು ಡಿಗ್ರಿ. ಇನ್ನೊಮ್ಮೆ ನೋಡಿದೆ. ಇಪ್ಪತ್ತು. ರಸ್ತೆಯ ಗೋಡೆ ಒಂದೇ ನೇರ. ನಲವತ್ತಾರು ರಂಧ್ರಕ್ಕೂ ನಾನು ಒಂದೇ ಭಂಗಿಯಲ್ಲಿ, ಬಲ ಮೊಣಕಾಲು ದಿಕ್ಸೂಚಿಗೆ ಒಂದು ಗೇಣು ದೂರದಲ್ಲಿಟ್ಟು ಕೂತಿದ್ದೆ. ಶಿಸ್ತಿಲ್ಲದ ಮನುಷ್ಯನಾಗಿದ್ದರೆ ತಪ್ಪು ಚೆಲ್ಲಾಪಿಲ್ಲಿಯಾಗಿ ಯಾರಿಗಾದರೂ ಅನುಮಾನ ಬರುತ್ತಿತ್ತು.

ನಾನು ಬಾಯಿ ಬಿಡದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಬೆಟ್ಟ ಬಂದು ದೂರು ಕೊಡುವುದಿಲ್ಲ. ಹುಡುಗಿಗೆ ಕೆಲಸ ಸಿಗುತ್ತದೆ, ಮೇಷ್ಟ್ರಿಗೆ ಹೆಸರು ಬರುತ್ತದೆ. ಸೂರ್ಯನನ್ನು ಕೇಳಬಹುದಿತ್ತಲ್ಲ ಎಂದು ಯಾರಾದರೂ ಅಂದರೆ, ಪುಸ್ತಕದಲ್ಲಿ ನನ್ನದೇ ಕೈಬರಹದಲ್ಲಿ ಐದು ದಿನದ ಮೋಡ ಇದೆ.

ಊಟಕ್ಕೆ ಉಪ್ಪು ಹಾಕುವುದು ಮರೆತೆ. ಕೈಗೆ ಸಿಗುವ ಜಾಗದಲ್ಲೇ ಇತ್ತು.

ಮೇ 4, ಸೋಮವಾರ

ಹೇಳಿದೆ.

ಬೆಲ್ಟನ್ನು ಮೇಷ್ಟ್ರ ಮೇಜಿನ ಮೇಲಿಟ್ಟೆ. ಅವರ ಕಾಗದದ ಕ್ಲಿಪ್ಪುಗಳು ತಾವಾಗಿಯೇ ಎದ್ದು ಬಂದು ಅಂಟಿಕೊಂಡವು. ವಿವರಣೆ ಅರ್ಧ ಮುಗಿದಂತಾಯಿತು.

"ಯಾರು ಕೊಟ್ರು ಇದನ್ನ?" ಎಂದರು ಮೇಷ್ಟ್ರು.

"ನಾನೇ ಕೊಂಡ್ಕೊಂಡೆ."

ಕ್ಲಿಪ್ಪುಗಳನ್ನು ಒಂದೊಂದಾಗಿ ಕಿತ್ತು ಡಬ್ಬಿಗೆ ಹಾಕಿದರು. ಆಮೇಲೆ, "ಹೋಗ್ಲಿ ಬಿಡ್ರೀ. ಗೊತ್ತಿಲ್ದೆ ಆಗಿದ್ದು. ಮೋಡ ಇಲ್ದೇ ಇದ್ದಿದ್ರೆ ಸೂರ್ಯನ ಅಳತೇಲಿ ಆವತ್ತೇ ಸಿಕ್ಕಿಬೀಳ್ತಿತ್ತು. ನಮ್ಮ ಗ್ರಹಚಾರ," ಎಂದರು.

ಎದ್ದು ಬರಬಹುದಿತ್ತು. ಅವರಾಗಿಯೇ ಬಾಗಿಲು ತೆರೆದುಕೊಟ್ಟಿದ್ದರು.

"ಮೋಡ ಇರ್ಲಿಲ್ಲ," ಎಂದೆ.

"ಅಂದ್ರೆ?"

"ಮಂಡಿ ನೋಯ್ತಿತ್ತು. ನೆರಳು ನೋಡ್ಲಿಲ್ಲ. ಮೋಡ ಅಂತ ಬರೆದೆ."

ಅಲ್ಲಿಯವರೆಗೆ ಗೋಡೆಗೆ ಒರಗಿ ನಿಂತಿದ್ದ ಅರ್ಧಡಾಕ್ಟರಮ್ಮ ಕೇಳಿದಳು. "ಐದು ದಿನಾನೂ?"

"ಐದು ದಿನಾನೂ."

"ಒಂದೇ ಒಂದು ಮೋಡಾನೂ ಇರ್ಲಿಲ್ವಾ ಸರ್?"

"ಬೆಟ್ಟದ ಹಿಂದೆ ಒಂದು ಇತ್ತಮ್ಮ."

ಅವಳು ಹೊರಗೆ ಹೋದಳು. ಕಿಟಕಿಯಿಂದ ಕಾಣುತ್ತಿತ್ತು: ಜೀಪಿನ ಸುತ್ತ ಏಳು ಸುತ್ತು ನಡೆದಳು, ಎಂಟನೆಯದಕ್ಕೆ ಟೈರಿಗೆ ಒದ್ದಳು. ಒದ್ದದ್ದು ಟೈರಿಗಲ್ಲ ಎಂಬುದು ಮೇಷ್ಟ್ರಿಗೂ ಗೊತ್ತಿತ್ತು, ನನಗೂ. ಆಮೇಲೆ ಒಳಗೆ ಬಂದಳು.

"ಪದರ ಉಲ್ಟಾನೋ ನೆಟ್ಟಗೋ ಅನ್ನೋದು ಇಪ್ಪತ್ತು ಡಿಗ್ರಿಗೆ ಬದಲಾಗಲ್ಲ. ಪದರಗಳ ವಯಸ್ಸು ಉಳಿಯುತ್ತೆ. ನಾಲ್ಕು ಅಧ್ಯಾಯ ಬಚಾವ್. ಐದನೇದು..." ಅಳತೆ ಪುಸ್ತಕವನ್ನು ತನ್ನ ಕಡೆಗೆ ಎಳೆದುಕೊಂಡಳು. "ರಂಧ್ರಗಳು ಬೆಟ್ಟದಲ್ಲಿ ಹಾಗೇ ಇವೆ ತಾನೆ? ಕೊಳವೆ ತೂರಿಸಿ ನಲವತ್ತಾರರ ದಿಕ್ಕನ್ನೂ ಮತ್ತೆ ಅಳೀಬೇಕು. ಜೀಪು ಸಿಗೋದು ಶನಿವಾರ, ಭಾನುವಾರ ಎರಡೇ ದಿನ. ನಾನು ನೆರಳು ನೋಡ್ತೀನಿ. ನೀವು ಕೊಳವೆ ಹಿಡೀರಿ. ಪಕ್ಕದಲ್ಲಿ ಕೂತು ಸರಿಯಾದ ಸಮಯ ಹೇಳಿ ಬರೆಯೋಕೆ ಇನ್ನೊಬ್ರು ಬೇಕು. ನೀವು ಬೇಡ."

"ಒಬ್ಬರು ಗೊತ್ತು," ಎಂದೆ.

ಮೇ 5, ಮಂಗಳವಾರ

ಬಸ್ಸಿನಲ್ಲಿ ಎರಡು ಗಂಟೆ. ಅಕ್ಕ ಅವಳ ನಾದಿನಿಯ ಮನೆಯ ಜಗಲಿಯಲ್ಲಿ ಯಾರದೋ ಪ್ಯಾಂಟು ಗಿಡ್ಡ ಮಾಡುತ್ತಿದ್ದಳು. ನನ್ನನ್ನು ಪೂರ್ತಿ ಹೆಸರು ಹಿಡಿದು ಮಾತಾಡಿಸಿದಳು. ಹೀಗೆ ಕರೆದದ್ದು ನನಗೆ ನೆನಪಿರುವಂತೆ ಮೂರನೇ ಸಲ.

"ಏನು ಬಂದಿದ್ದು?"

"ಬೆಟ್ಟದಲ್ಲಿ ಸಮಯ ಹೇಳೋಕೆ ಜನ ಬೇಕಂತೆ."

"ಯಾಕೆ, ನಿನ್ನ ಹತ್ರ ಗಡಿಯಾರ ಇಲ್ವಾ?"

"ಇದೆ. ಅದನ್ನ ಯಾರೂ ನಂಬ್ತಿಲ್ಲ."

ದಾರ ಕಡಿದಳು. "ಎಷ್ಟು ದಿನದ ಕೆಲಸ?"

"ಎರಡು ದಿನ. ಹಾಗೇ ಮನೆಗೆ ಬಂದ್ರೆ... ಹೊಲಿಗೆ ಯಂತ್ರಕ್ಕೆ ಎಣ್ಣೆ ಬೇಕು ಅನ್ಸುತ್ತೆ. ನನಗೆ ಗೊತ್ತಾಗಲ್ಲ."

"ಯಂತ್ರ ಯಾರೂ ಓಡಿಸದೇ ಇದ್ರೆ ಎಣ್ಣೆ ಯಾಕೋ ಬೇಕು, ದಡ್ಡ ಮುಂಡೇದೇ," ಎಂದಳು. ಒಳಗೆ ಹೋಗಿ ಚೀಲ ತಂದಳು. ಕಟ್ಟಿಟ್ಟೇ ಇತ್ತು.

ಮೇ 9, ಶನಿವಾರ

ಬೆಟ್ಟ. ಅಕ್ಕ ಮಡಚುವ ಕುರ್ಚಿ ಹಾಕಿ, ಛತ್ರಿ ಬಿಚ್ಚಿ, ಗಡಿಯಾರವನ್ನು ಅಂಗೈಯಲ್ಲಿಟ್ಟುಕೊಂಡು ಕೂತಳು. ಛತ್ರಿಯ ಕಡ್ಡಿ ಕಬ್ಬಿಣದ್ದೆಂದು ಅರ್ಧಡಾಕ್ಟರಮ್ಮ ಅವಳನ್ನು ಹತ್ತು ಹೆಜ್ಜೆ ದೂರಕ್ಕೆ ಸಾಗಿಸಿದಳು. ಅಲ್ಲಿಂದ ಬಸ್ಸು ಹೊರಡಿಸುವ ದನಿಯಲ್ಲಿ ಕೂಗು: "ಹತ್ತು ಗಂಟೆ ಹದಿನೇಳು ನಿಮಿಷ! ಬರೆದೆ! ಮುಂದೆ!"

ಬಿಡುವಿನಲ್ಲಿ ಅರ್ಧಡಾಕ್ಟರಮ್ಮ ಕೇಳಿದಳು. "ಅಮ್ಮಾ, ನಿಮ್ಮ ತಮ್ಮ ಆ ಬೆಲ್ಟು ಯಾವ ಅಂಗಡೀಲಿ ಕೊಂಡ್ರಂತೆ? ಹೋಗಿ ಎರಡು ಮಾತು ಆಡ್ಬೇಕು."

ಅಕ್ಕ ನನ್ನ ಕಡೆ ನೋಡಿದಳು. ನಾನು ಕೊಳವೆ ಒರೆಸುತ್ತಿದ್ದೆ.

"ತಾನೇ ಕೊಂಡೆ ಅಂದ್ನಾ?"

"ಹೂಂ."

"ಸುಳ್ಳು. ತಂದವಳು ನಾನು. ಚೀಟಿ ಹರಿದವಳೂ ನಾನೇ. ಆ ಎರಡು ಮಾತು ಇಲ್ಲೇ ಆಡಮ್ಮ."

ಅರ್ಧಡಾಕ್ಟರಮ್ಮ ಅವಳನ್ನು ನೋಡಿದಳು, ನನ್ನನ್ನು ನೋಡಿದಳು. "ಇದೇನು ಸರ್, ಸುಳ್ಳು ನಿಮ್ಮ ಮನೇಲಿ ಪಾಳಿ ಮೇಲೆ ಹೇಳ್ತೀರಾ?" ಎಂದು ನಕ್ಕಳು. ಸೋಮವಾರದ ಮೇಲೆ ನಕ್ಕದ್ದು ಇದೇ ಮೊದಲು.

ಮೇ 12, ಮಂಗಳವಾರ

ಹೊಸ ಲೆಕ್ಕ ಬಂತು. ಕೆಳಗಿನ ನಲವತ್ತಾರರ ತಿರುವು: ಒಂದೂವರೆ ಡಿಗ್ರಿ, ನಾಲ್ಕು ಡಿಗ್ರಿ ಆಚೀಚೆ ಇರಬಹುದು. ಅಂದರೆ ಏನೂ ಇಲ್ಲ. ಲಕ್ಷಾಂತರ ವರ್ಷಗಳಿಂದ ಬೆಟ್ಟ ಇದ್ದಲ್ಲೇ ಇದೆ. ಬೆಟ್ಟ ತಿರುಗಿದೆ ಎಂದು ಬೇರೆ ವಿಜ್ಞಾನಿಗಳಿಗೆ ಬರೆದಿದ್ದ ಪತ್ರಗಳಿಗೆ ಮೇಷ್ಟ್ರು ತಿದ್ದುಪಡಿ ಪತ್ರ ಬರೆಯುತ್ತಿದ್ದಾರೆ. ನನ್ನಿಂದ ಅಳತೆ ಪುಸ್ತಕದ ಐದು 'ಮೋಡ'ಗಳಿಗೂ ಗೀಟು ಹಾಕಿಸಿ, 'ಬಿಸಿಲು' ಎಂದು ಬರೆಸಿ, ಪ್ರತಿಯೊಂದಕ್ಕೂ ಸಹಿ ಹಾಕಿಸಿದರು. ಒಂದು ವರ್ಷ ಬೆಟ್ಟದ ಕೆಲಸ ನನಗಿಲ್ಲ. ಪ್ರಯೋಗಾಲಯದ ಗೋಡೆಯ ಮೇಲಿನ ನನ್ನ ಸೂರ್ಯನ ಬರಹ ಹಾಗೇ ಇರಲಿ ಎಂದರು. ತೆಗೆಸಿದ್ದರೆ ಚೆನ್ನಾಗಿತ್ತು.

ಮೇ 15, ಶುಕ್ರವಾರ

ಪ್ರಬಂಧ ಒಪ್ಪಿಸಿಯಾಯಿತು. ಐದನೇ ಅಧ್ಯಾಯ ಇಪ್ಪತ್ತೆಂಟು ಪುಟದಿಂದ ಮೂರಕ್ಕೆ ಇಳಿದಿದೆ. ತಪ್ಪು ಹೇಗಾಯಿತು ಎಂಬುದಕ್ಕೆ ಒಂದೂವರೆ ಪುಟ. ನನ್ನ ಹೆಸರಿಲ್ಲ, 'ಅಳತೆಗಾರರ ಮೊಣಕಾಲು' ಎಂದಷ್ಟೇ ಇದೆ. ಕೃತಜ್ಞತೆಯ ಪುಟದಲ್ಲಿ ಕೊನೆಯ ಸಾಲು: 'ಸಮಯ ಹೇಳಿದ ಅಕ್ಕನಿಗೆ.' ಅಕ್ಕ ಆ ಪುಟದ ಪ್ರತಿಯನ್ನು ಹೊಲಿಗೆ ಯಂತ್ರಕ್ಕೆ ಅಂಟಿಸಿಕೊಂಡಿದ್ದಾಳೆ. ಬಂದ ಗಿರಾಕಿಗಳೆಲ್ಲ ಮೊದಲು ಅದನ್ನು ಓದಬೇಕು, ಆಮೇಲೆ ಪ್ಯಾಂಟು.

ಮೇ 18, ಸೋಮವಾರ

ವೈದ್ಯರಿಗೆ ದಿನಚರಿ ತೋರಿಸಲು ಹೋದೆ. ಕೊಡಲು ಮನಸ್ಸಾಗದೆ ದೂರದಿಂದಲೇ ಪುಟ ತಿರುವಿದೆ.

"ಮಾರ್ಚ್ ಮೇಲೆ ನೋವಿನ ಅಂಕಿಯೇ ಇಲ್ವಲ್ರೀ? ಪೂರ್ತಿ ಹೋಯ್ತಾ?"

ನೋಡಿದರೆ ನಿಜ. ಹೋಗಿರಲಿಕ್ಕಿಲ್ಲ. ಬರೆಯುವುದು ಮರೆತಿರಬೇಕು.

ಮೇ 24, ಭಾನುವಾರ

ಹಿಂದಿನ ಕೋಣೆಯ ಪೆಟ್ಟಿಗೆಗಳೆಲ್ಲ ಹೊರಗೆ ಹೋದವು. ಮಂಚ ಬಂತು. ಕೋಣೆ ಸುಮ್ಮನೆ ಇರುತ್ತಲ್ಲ ಎಂದು ಹೊಲಿಗೆ ಯಂತ್ರವನ್ನೂ ಅಲ್ಲಿಗೇ ಸಾಗಿಸಿದೆ.

"ನಾಲ್ಕು ದಿನಕ್ಕೆ ಯಾಕೋ ಪುಟ್ಟಾ ಇಷ್ಟೆಲ್ಲಾ?" ಎಂದಳು ಅಕ್ಕ.

"ಹೌದು, ನಾಲ್ಕೇ ದಿನ," ಎಂದು ಖಡಾಖಂಡಿತವಾಗಿ ಹೇಳಿದೆ.

ಉಪ್ಪಿನ ಡಬ್ಬಿ ಮತ್ತೆ ಮೇಲಿನ ಅರೆಗೆ ಹೋಗಿದೆ. ಸ್ಟೂಲು ಗಟ್ಟಿಯಾದದ್ದು ತಂದಿದ್ದೇನೆ.

ನೋವು: ಪೆಟ್ಟಿಗೆ ಎತ್ತಿದ್ದಕ್ಕೆ ಆರು. ಹವೆ: ಬಿಸಿಲು, ಒಂದು ಮೋಡವೂ ಇಲ್ಲ. ಎದ್ದು ಹೊರಗೆ ಹೋಗಿ, ಮನೆಯ ಹಿಂದೆಯೂ ನೋಡಿ ಬಂದು ಬರೆದಿದ್ದೇನೆ.